ಲೈಬೀರಿಯದ ತರುಣರೂ ಊರಿನ ನೆಮ್ಮದಿಯೂ

ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ ಸಿಯೆರ್ರಾ ಲಿಯೋನ್, ಗಿನಿ, ಐವರಿ ಕೋಸ್ಟ್ ಎಂಬ ಮೂರು ರಾಜ್ಯಗಳ ನಡುವೆ ಲೈಬೀರಿಯವೆಂಬ ಚಿಕ್ಕ ದೇಶವೊಂದುಂಟು. ಮಳೆ ಹೇರಳ, ಕಾಡು ದಟ್ಟ, ನೆಲದಲ್ಲಿ ಕಬ್ಬಿಣ, ಚಿನ್ನ, ವಜ್ರ, ತೋಟಗಳಲ್ಲಿ ರಬ್ಬರು. ಪ್ರಕೃತಿಯು ಇಷ್ಟೊಂದನ್ನು ಕೊಟ್ಟಿದ್ದರೂ ಮನುಷ್ಯನು ಆ ದೇಶವನ್ನು ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಬಾರಿ ಸುಟ್ಟನು. ಸುಟ್ಟವರಲ್ಲಿ ಬಹುಮಂದಿ ಮೀಸೆ ಮೂಡದ ಹುಡುಗರು. ಯುದ್ಧವು ಮುಗಿದ ಬಳಿಕ ಈ ಹುಡುಗರನ್ನು ಏನು ಮಾಡಬೇಕು ಎಂಬ ಪ್ರಶ್ನೆಯು ಅಲ್ಲಿ ಉದ್ಭವಿಸಿತು. ಅದಕ್ಕೆ ಕಂಡುಕೊಂಡ ಉತ್ತರದ ಇತಿಹಾಸವು ಅರಸರ ಇತಿಹಾಸಕ್ಕಿಂತ ಕಡಿಮೆಯ ಬೆಲೆಯುಳ್ಳದ್ದಲ್ಲ.

ಈ ದೇಶದ ಹುಟ್ಟೇ ವಿಚಿತ್ರವಾದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ನೀಗ್ರೋ ಜನರನ್ನು ಅವರ ಪೂರ್ವಿಕರ ಖಂಡಕ್ಕೆ ಮರಳಿ ಕಳುಹಿಸಬೇಕೆಂದು 1816ರಲ್ಲಿ ಅಲ್ಲಿಯ ಕೆಲವರು ಸಂಘವೊಂದನ್ನು ಕಟ್ಟಿದರು. 1822ರಲ್ಲಿ ಮೊದಲನೆಯ ವಲಸೆಗಾರರು ಮೆಸುರಾಡೊ ಭೂಶಿರದಲ್ಲಿ ನೆಲೆಸಿದರು. ಎರಡು ವರ್ಷಗಳ ಮೇಲೆ ಆ ನೆಲೆಗೆ ಅಮೆರಿಕದ ಅಧ್ಯಕ್ಷ ಮನ್ರೋ ಎಂಬವನ ಹೆಸರಿನಿಂದ ಮನ್ರೋವಿಯ ಎಂದು ನಾಮಕರಣವಾಯಿತು. 1847ರ ಜುಲೈ 26ರಂದು ದೇಶವು ಸ್ವತಂತ್ರವೆಂದು ಸಾರಲ್ಪಟ್ಟಿತು. ದಾಸ್ಯವನ್ನು ಅನುಭವಿಸಿ ಬಂದವರ ವಂಶದವರು ತಮಗಿಂತ ಮೊದಲೇ ಅಲ್ಲಿ ಬಾಳುತ್ತಿದ್ದ ಜನರನ್ನು ಆಳಲು ತೊಡಗಿದರು. ಒಂದು ಶತಮಾನಕ್ಕೂ ಮೀರಿ ಅಧಿಕಾರವನ್ನು ಕೈಬಿಡಲಿಲ್ಲ. ದಾಸ್ಯವು ಮನುಷ್ಯನಿಗೆ ಸಮತೆಯನ್ನು ಕಲಿಸುವುದೆಂಬ ನಂಬಿಕೆ ಇಲ್ಲಿ ಸುಳ್ಳಾಯಿತು. 1926ರಲ್ಲಿ ಫೈರ್‌ಸ್ಟೋನ್ ಕಂಪನಿಗೆ ಹತ್ತು ಲಕ್ಷ ಎಕರೆಗಳವರೆಗೆ ಭೂಮಿಯನ್ನು 99 ವರ್ಷಗಳ ಗುತ್ತಿಗೆಗೆ, ಎಕರೆಗೆ ಆರು ಸೆಂಟಿನಂತೆ ಕೊಟ್ಟುದೂ ಈ ಆಳ್ವಿಕೆಯವರೇ.

1980ರ ಏಪ್ರಿಲ್ 12ರಂದು ಸೈನ್ಯದ ಕೆಳದರ್ಜೆಯ ಅಧಿಕಾರಿ ಸ್ಯಾಮ್ಯುಯೆಲ್ ಡೋ ಎಂಬವನು ಅಧ್ಯಕ್ಷ ಟಾಲ್ಬರ್ಟನನ್ನು ಕೊಲ್ಲಿಸಿ ರಾಜ್ಯವನ್ನು ಕಿತ್ತುಕೊಂಡನು. 1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರನ ದಂಡು ಐವರಿ ಕೋಸ್ಟಿನ ಗಡಿಯನ್ನು ದಾಟಿ ಒಳನುಗ್ಗಿತು. ಮರುವರ್ಷ ಡೋ ಹತನಾದನು. 1997ರಲ್ಲಿ ಟೇಲರನೇ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದನು. ಎರಡೇ ವರ್ಷಗಳಲ್ಲಿ ಅವನ ಮೇಲೂ ಬಂಡಾಯವೆದ್ದಿತು. 2003ರ ಆಗಸ್ಟಿನಲ್ಲಿ ಅವನು ದೇಶವನ್ನು ಬಿಟ್ಟು ಹೋದನು. ಅದೇ ತಿಂಗಳು 18ರಂದು ಘಾನಾ ದೇಶದ ಆಕ್ರಾ ನಗರದಲ್ಲಿ ಸಂಧಿಯಾಯಿತು. ಎರಡು ಯುದ್ಧಗಳಲ್ಲಿ ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ ಎರಡೂವರೆ ಲಕ್ಷವೆಂದು ಎಣಿಸುವರು.

ಸಂಧಿಯ ಕಾಗದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಕೋವಿಗಳು ನೆಲಕ್ಕೆ ಬೀಳುವುದಿಲ್ಲ. ವಿಶ್ವಸಂಸ್ಥೆಯು 15,000 ಸೈನಿಕರ ಶಾಂತಿಪಡೆಯನ್ನು ನಿಯಮಿಸಿ, ಆಯುಧವನ್ನು ಒಪ್ಪಿಸಿದವರಿಗೆ ಎರಡು ಕಂತುಗಳಲ್ಲಿ 300 ಡಾಲರು ಕೊಡುವುದಾಗಿ ಸಾರಿತು. 2003ರ ಡಿಸೆಂಬರ್ 7ರಂದು ರಾಜಧಾನಿಯ ಸಮೀಪದ ಶೀಫೆಲಿನ್ ಶಿಬಿರದಲ್ಲಿ ಕೆಲಸವು ಆರಂಭವಾಯಿತು. ಅಧಿಕಾರಿಗಳು ಸಿದ್ಧರಾಗಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಜನ ಬಂದರು. ಅದೇ ದಿನ ಹಣವು ಸಿಗದೆಂದು ತಿಳಿದೊಡನೆ ಗುಂಡುಗಳು ಹಾರಿದುವು. ಗಲಭೆಯು ಮನ್ರೋವಿಯದ ಬೀದಿಗಳಿಗೆ ಹಬ್ಬಿ ಜನರು ಸತ್ತರು. ಕೆಲಸವನ್ನು ನಿಲ್ಲಿಸಿ ಮರುವರ್ಷದ ಏಪ್ರಿಲಿನಲ್ಲಿ ಪುನಃ ಆರಂಭಿಸಬೇಕಾಯಿತು. ಮೊದಲು 38,000 ಕಾದಾಳುಗಳಿರಬಹುದೆಂದು ಎಣಿಸಿದ್ದರು; ಕಡೆಗೆ ಹೆಸರು ಬರೆಯಿಸಿಕೊಂಡವರು ಒಂದು ಲಕ್ಷಕ್ಕೂ ಮಿಕ್ಕಿದರು. ಸಿಕ್ಕಿದ ಆಯುಧಗಳಾದರೋ ಸುಮಾರು 28,000 ಮಾತ್ರ. 150 ತೋಟೆಗಳನ್ನು ತಂದವನೂ ಕಾದಾಳುವೆಂದೇ ಎಣಿಸಲ್ಪಡುತ್ತಿದ್ದುದು ಇದಕ್ಕೊಂದು ಕಾರಣ, ಹಸಿವು ಮತ್ತೊಂದು.

ಆಯುಧವನ್ನು ಒಪ್ಪಿಸಿದವರಿಗೆ ಶಾಲೆಯ ವಿದ್ಯೆ ಬೇಕೋ ಕಸುಬು ಬೇಕೋ ಎಂದು ಕೇಳಿ, ಕಸುಬನ್ನು ಬಯಸಿದವರಿಗೆ ಕೆಲವು ತಿಂಗಳುಗಳಲ್ಲಿ ಮರಗೆಲಸ, ಗಾರೆಕೆಲಸ, ಹೊಲಿಗೆ, ಮೋಟಾರು ರಿಪೇರಿ ಮುಂತಾದುವನ್ನು ಕಲಿಸಿದರು. ಏರ್ಪಾಡಿನಲ್ಲಿ ಸದುದ್ದೇಶಕ್ಕೆ ಕೊರತೆಯಿರಲಿಲ್ಲ. ಆದರೆ ಕೆಲವೇ ತಿಂಗಳು ಉಳಿ ಹಿಡಿದವನು ಬಡಗಿಯಾಗುವುದಿಲ್ಲ. ಆದರೂ, ಮೇಜು ಕುರ್ಚಿಗಳನ್ನು ಕೊಳ್ಳುವವರೇ ಇಲ್ಲದ ಊರಿನಲ್ಲಿ ಬಡಗಿಯು ಬಾಳುವುದೆಂತು? ರಾಜಧಾನಿಯಲ್ಲಿ ಬೀದಿಯ ವಿದ್ಯುದ್ದೀಪಗಳು ಪುನಃ ಉರಿದುದೇ 2006ರ ಜುಲೈನಲ್ಲಿ. ಎಷ್ಟೋ ಮಂದಿ ತಮಗೆ ಕೊಟ್ಟ ಹತಾರಗಳನ್ನು ಮಾರಿಕೊಂಡು ಉಂಡರು. ಕಲಿಸಿದವರು ಮುಂದಿನ ತಂಡವನ್ನು ಕಲಿಸಲು ಹೋದರು. ಕಲಿತವನು ತನ್ನ ಹಳೆಯ ದಳಪತಿಯ ಬಳಿಗೆ ಹೋದನು. ಗತ್ರಿ, ಸಿನೋ ಎಂಬ ದೊಡ್ಡ ರಬ್ಬರು ತೋಟಗಳನ್ನು ಮಾಜಿ ಕಾದಾಳುಗಳು ಆಕ್ರಮಿಸಿಕೊಂಡು, ಹಾಲಿಳಿಸಿ ಮಾರುತ್ತ, ಸುತ್ತಲಿನವರನ್ನು ಬೆದರಿಸುತ್ತ ಕಾಲ ಕಳೆದರು. ಗತ್ರಿಯ ತೋಟವನ್ನು ಸರ್ಕಾರವು ಮರಳಿ ವಶಪಡಿಸಿಕೊಂಡುದು 2006ರ ಆಗಸ್ಟಿನಲ್ಲಿ. ಕಾಡಿನ ಚಿನ್ನದ ಗುಂಡಿಗಳಲ್ಲಿಯೂ ಇದೇ ಕಥೆ. ಯುದ್ಧವಿಲ್ಲ, ನಿಜ, ಆದರೆ ಸಂತೆಗೆ ಹೊರಟ ಹೆಂಗಸು ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಓಡುವ ಊರನ್ನು ನೆಮ್ಮದಿಯ ಊರೆಂದು ಯಾರು ಕರೆದಾರು?

ಭದ್ರತೆಯ ಕೆಲಸವನ್ನು ಪಹರೆಯವರು ಮಾಡಲಿಲ್ಲವೆಂದಲ್ಲ. ಇದರಲ್ಲಿ ಭಾರತಕ್ಕೂ ಒಂದು ಗೌರವದ ಪಾಲುಂಟು. 2007ರ ಜನವರಿಯಲ್ಲಿ ಭಾರತದಿಂದ ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರ ದಳವೊಂದು ಮನ್ರೋವಿಯಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಕಾರ್ಯದಲ್ಲಿ ಕೇವಲ ಹೆಂಗಸರಿಂದಲೇ ಕೂಡಿದ ಇಂತಹ ದಳವು ಅದೇ ಮೊದಲನೆಯದು. ತಂಡಗಳು ಬದಲಾಗುತ್ತ 2016ರ ವರೆಗೆ ಆ ಸೇವೆಯು ನಡೆಯಿತು. ನೀಲಿ ಟೊಪ್ಪಿಗೆಯನ್ನು ಧರಿಸಿ ರಾತ್ರಿಯ ಗಸ್ತು ತಿರುಗುತ್ತಿದ್ದ ಈ ಹೆಂಗಸರನ್ನು ನೋಡಿ ಲೈಬೀರಿಯದ ಹೆಣ್ಣುಮಕ್ಕಳು ಪೊಲೀಸು ಕೆಲಸಕ್ಕೆ ಸೇರಲು ಮುಂದಾದರೆಂದು ಅಲ್ಲಿಯ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫರೇ ಹೊಗಳಿದ್ದುಂಟು. ಆದರೆ ಗಸ್ತಿನವರು ಬೀದಿಯನ್ನು ಕಾಯಬಲ್ಲರೇ ಹೊರತು, ಬೀದಿಯಲ್ಲಿ ನಿಂತ ಹುಡುಗನ ನಾಳೆಯನ್ನು ಕಾಯಲಾರರು. ಪರದೇಶದ ಪಹರೆಯು ಒಂದಲ್ಲ ಒಂದು ದಿನ ಗಂಟುಮೂಟೆ ಕಟ್ಟಬೇಕಾದುದೇ. ಶಾಂತಿಪಡೆಯು 2018ರ ಮಾರ್ಚ್ ತಿಂಗಳಲ್ಲಿ ಲೈಬೀರಿಯವನ್ನು ಬಿಟ್ಟಿತು.

ಈ ನಡುವೆ ಎರಡು ಪ್ರಯೋಗಗಳು ನಡೆದುವು. ಒಂದು ಕಾಡಿನ ಮಗ್ಗುಲಲ್ಲಿ. ಇನ್ನೊಂದು ರಾಜಧಾನಿಯ ಕೊಳಕು ಓಣಿಗಳಲ್ಲಿ.

ನೆಲಬಾಂಬುಗಳ ವಿರುದ್ಧವಾಗಿ ದುಡಿಯುತ್ತಿದ್ದ ಲ್ಯಾಂಡ್‌ಮೈನ್ ಆ್ಯಕ್ಷನ್ ಎಂಬ ಬ್ರಿಟಿಷ್ ಸಂಸ್ಥೆಯು, ತೋಟಗಳಲ್ಲಿಯೂ ಗಣಿಗಳಲ್ಲಿಯೂ ಉಳಿದುಹೋದ ಮಾಜಿ ಕಾದಾಳುಗಳಿಗಾಗಿ ಬಾಂಗ್ ಪ್ರಾಂತದ ಟುಮುಟು ಎಂಬಲ್ಲಿ ಬೇಸಾಯದ ಶಾಲೆಯೊಂದನ್ನು ತೆರೆಯಿತು. ಸಿನೋ ಪ್ರಾಂತದಲ್ಲಿ ಮತ್ತೊಂದನ್ನು ನಡೆಯಿಸಿತು. ಕಲಿಯುವವರು ಮೂರು ನಾಲ್ಕು ತಿಂಗಳು ಅಲ್ಲಿಯೇ ಉಂಡು ಮಲಗಿ ಇರಬೇಕು. ಬತ್ತ, ತರಕಾರಿ, ಕೋಳಿ, ಹಂದಿ ಇವುಗಳ ಸಾಗುವಳಿ ಸಾಕಣೆಗಳು ಹಗಲಿನ ಪಾಠ. ಅದರೊಡನೆ ಅಕ್ಷರ, ಲೆಕ್ಕ. ಅದರೊಡನೆ ಕೋಪವನ್ನು ತಡೆದುಕೊಳ್ಳುವುದು, ನೆರೆಯವರೊಡನೆ ಮಾತಿನಿಂದ ಜಗಳ ತೀರಿಸಿಕೊಳ್ಳುವುದು. ಶಿಕ್ಷಣವು ಮುಗಿದೊಡನೆ ಅವನನ್ನು ಬೀದಿಗೆ ಬಿಡದೆ, ಅವನೇ ಆರಿಸಿಕೊಂಡ ಊರಿಗೆ ಕಳುಹಿಸಿ, ಸಾಗುವಳಿಗೆ ಸ್ಥಳವನ್ನು ಗೊತ್ತುಮಾಡಿ, ಬೀಜ ಹತಾರಗಳನ್ನು ಎರಡು ಕಂತುಗಳಲ್ಲಿ ಕೊಡುತ್ತಿದ್ದರು. ಇವುಗಳ ಬೆಲೆ ಸುಮಾರು 125 ಡಾಲರು. ಎರಡು ಕಂತೆಂಬ ಈ ಚಿಕ್ಕ ಏರ್ಪಾಡು ಮುಂದೆ ಬಹಳ ದೊಡ್ಡ ಅರ್ಥವನ್ನು ಪಡೆಯಿತು.

2009ರಲ್ಲಿ ಸೇರಲು ಬಯಸಿದವರು ಸ್ಥಳಕ್ಕಿಂತ ಹೆಚ್ಚಾಗಿದ್ದುದರಿಂದ, ಸುಮಾರು 1,100 ಮಂದಿಯಲ್ಲಿ ಯಾರಿಗೆ ಅವಕಾಶವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಸಿಕ್ಕದವರನ್ನೂ ಮರೆಯದೆ, ಇಬ್ಬಗೆಯವರ ಬಾಳೂ ಮುಂದೆ ಹೇಗೆ ಸಾಗಿತೆಂಬುದನ್ನು ಕ್ರಿಸ್ಟೋಫರ್ ಬ್ಲ್ಯಾಟ್‌ಮನ್, ಜೀನಿ ಅನನ್ ಎಂಬ ವಿದ್ವಾಂಸರು ವಿಚಾರಿಸಿದರು. ಅವರ ಗ್ರಂಥಲೇಖವು 2016ರಲ್ಲಿ ಪ್ರಕಟವಾಯಿತು. ಶಿಕ್ಷಣವು ಮುಗಿದು ಹದಿನಾಲ್ಕು ತಿಂಗಳಾದ ಮೇಲೆ ನೋಡಿದರೆ, ಕಲಿತವರು ಕಳ್ಳಗಣಿ, ಕಳವು ಮೊದಲಾದ ಅಕ್ರಮದ ಕೆಲಸಗಳಿಗೆ ಕೊಡುತ್ತಿದ್ದ ವೇಳೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗಿತ್ತು. ಆದಾಯವು ತಿಂಗಳಿಗೆ ಸುಮಾರು 12 ಡಾಲರಿನಷ್ಟು ಹೆಚ್ಚಿತ್ತು. ಪವಾಡವೇನೂ ನಡೆದಿರಲಿಲ್ಲ. ಕಳ್ಳಗಣಿಯನ್ನು ಪೂರ್ತಿಯಾಗಿ ಬಿಟ್ಟವರು ವಿರಳ. ಬೆಳಗ್ಗೆ ಗದ್ದೆ, ಮಧ್ಯಾಹ್ನ ಗುಂಡಿ ಎಂಬಂತೆ ಬಾಳು ಹಂಚಿಹೋಗಿತ್ತು. ಪಾಪಿಯು ಒಂದೇ ರಾತ್ರಿಯಲ್ಲಿ ಸಂತನಾಗುವ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಅಲ್ಪವೆಂದು ತೋರಬಹುದು. ಊರಿನ ನೆಮ್ಮದಿಯಾದರೋ ಇಂತಹ ಗಂಟೆಗಳ ಲೆಕ್ಕದಲ್ಲಿಯೇ ಅಡಗಿರುವುದು.

ಆ ಹೊತ್ತಿಗೆ ಸರಿಯಾಗಿ ವಿಧಿಯೇ ಒಂದು ಪರೀಕ್ಷೆಯನ್ನು ಒಡ್ಡಿತು. ನೆರೆಯ ಐವರಿ ಕೋಸ್ಟಿನಲ್ಲಿ 2010ರ ನವೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಸೋತ ಲೊರಾಂ ಬಾಗ್ಬೋ ಎಂಬವನು ಗದ್ದುಗೆಯನ್ನು ಬಿಡಲೊಲ್ಲದೆ ಹೋದನು. ಯುದ್ಧವು ಹೊತ್ತಿಕೊಂಡು, 2011ರ ಏಪ್ರಿಲ್ 11ರಂದು ಅವನು ಸೆರೆಯಾಗುವ ವರೆಗೆ ನಡೆಯಿತು. ಬಾಡಿಗೆಯ ಸಿಪಾಯಿಗಳಿಗೆ ಬೇಡಿಕೆ ಬಂದಿತು. ಅನುಭವವುಳ್ಳ ಲೈಬೀರಿಯದವರಿಗಿಂತ ಯೋಗ್ಯರು ಬೇರೆ ಯಾರು? ಹಳೆಯ ದಳಪತಿಗಳು ತಮ್ಮ ಹುಡುಗರನ್ನು ಹುಡುಕಿಕೊಂಡು ಹೊರಟರು. ಹಣದ ಆಸೆಯನ್ನು ತೋರಿಸಿದರು. ಶಿಕ್ಷಣವನ್ನು ಪಡೆದ ತರುಣರು ಉಳಿದವರಿಗಿಂತ ಕಡಿಮೆಯಾಗಿ ಈ ಮಾತಿಗೆ ಕಿವಿಗೊಟ್ಟರು.

ಇದಕ್ಕಿಂತಲೂ ಗಮನಾರ್ಹವಾದ ಅಂಶವೊಂದುಂಟು. ಸರಬರಾಜಿನಲ್ಲಿ ತೊಡಕುಂಟಾಗಿ ಒಂದು ಭಾಗದವರಿಗೆ ಎರಡನೆಯ ಕಂತು ಸಕಾಲದಲ್ಲಿ ತಲಪಲಿಲ್ಲ. ಅದರ ಬದಲು ಮುಂದೆ ಹಣವನ್ನು ಕೊಡುವುದಾಗಿ ಅವರಿಗೆ ತಿಳಿಸಲಾಗಿತ್ತು. ಅಕ್ರಮದಿಂದಲೂ ಬಾಡಿಗೆಯ ಯುದ್ಧದಿಂದಲೂ ಎಲ್ಲರಿಗಿಂತ ಹೆಚ್ಚಾಗಿ ದೂರ ಉಳಿದವರು ಇವರೇ! ಮೂಲಧನವು ಕೈಯಲ್ಲಿದ್ದವನಿಗಿಂತ, ಅದು ಬರಲಿದೆಯೆಂದು ನಂಬಿ ಕಾದಿದ್ದವನು ಹೆಚ್ಚು ಎಚ್ಚರಿಕೆಯಿಂದ ನಡೆದನು. ಊರನ್ನು ಬಿಟ್ಟರೆ ಬರಬೇಕಾದುದು ತಪ್ಪಿಹೋಗುವುದಷ್ಟೆ? ಇನ್ನು ಶಿಕ್ಷಣವನ್ನು ಮಾತ್ರ ಪಡೆದು ಬಂಡವಾಳದ ಆಸರೆಯಿಲ್ಲದೆ ಹೋದರೆ ಅದರ ಫಲವು ಅತ್ಯಲ್ಪವೆಂದೂ ಆ ವಿದ್ವಾಂಸರು ತರ್ಕಿಸಿದರು. 2004ರಲ್ಲಿ ಕೆಲವು ತಿಂಗಳು ಕಲಿಸಿ ಬೀಳ್ಕೊಟ್ಟ ಏರ್ಪಾಡಿನ ದೋಷವು ಎಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುವುದು. ಅಲ್ಲಿ ಹುಡುಗನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಎರಡನೆಯ ಪ್ರಯೋಗವು ಮನ್ರೋವಿಯದಲ್ಲಿ ನಡೆದುದು. ಇಲ್ಲಿಯವರು ಜೇಬುಗಳ್ಳರು, ಮಾದಕವಸ್ತುವನ್ನು ಮಾರುವವರು, ಮನೆಯಿಲ್ಲದೆ ಸಂತೆಯ ಕಟ್ಟೆಗಳ ಮೇಲೆ ಮಲಗುವವರು. ಇವರನ್ನು ತಿದ್ದುವ ಕ್ರಮವನ್ನು ವರ್ಷಗಟ್ಟಲೆ ದುಡಿದು ರೂಪಿಸಿದುದು ಪರದೇಶದ ಪಂಡಿತರಲ್ಲ. ಜಾನ್ಸನ್ ಬೋರ್ ಎಂಬ ಲೈಬೀರಿಯದವನೂ ಅವನ ಸಣ್ಣ ಸಂಸ್ಥೆಯೂ. 999 ಮಂದಿಯನ್ನು ಚೀಟಿಯ ಮೇಲೆ ನಾಲ್ಕು ಪಂಗಡಗಳಾಗಿ ಮಾಡಿದರು: ಒಂದಕ್ಕೆ ನಡತೆಯ ಪಾಠ, ಒಂದಕ್ಕೆ 200 ಡಾಲರು, ಒಂದಕ್ಕೆ ಎರಡೂ, ಒಂದಕ್ಕೆ ಯಾವುದೂ ಇಲ್ಲ.

ಪಾಠವೆಂದರೆ ಉಪದೇಶವಲ್ಲ. ಇಪ್ಪತ್ತು ಮಂದಿಯ ಗುಂಪು; ಎಂಟು ವಾರಗಳ ಕಾಲ, ವಾರಕ್ಕೆ ಮೂರಾವರ್ತಿ, ಪ್ರತಿಸಲವೂ ನಾಲ್ಕು ಗಂಟೆಗಳಷ್ಟು ಹೊತ್ತು. ಕಲಿಸುವವರಲ್ಲಿ ಹಲವರು ಇಂತಹ ಪಾಠದಿಂದಲೇ ತಿದ್ದಿಕೊಂಡು ಮೇಲೆ ಬಂದವರು. ಹಿಂದೆ ಅದೇ ಓಣಿಗಳಲ್ಲಿ ಅಲೆದವರು. ತಾನು ನಡೆದ ದಾರಿಯನ್ನು ಬಲ್ಲವನು ಎದುರಿಗೆ ನಿಂತಾಗ ಹುಡುಗನು ಹೇಳುವ ನೆಪಗಳು ಸಾಗವು. ಅವರು ಬಿಡುವಿನ ದಿನಗಳಲ್ಲಿ ಹುಡುಗರು ಇರುವಲ್ಲಿಗೇ ಹೋಗಿ ವಿಚಾರಿಸಿಕೊಳ್ಳುತ್ತಿದ್ದರು. ಕೂದಲನ್ನು ಕತ್ತರಿಸಿಕೊಂಡು ಒಗೆದ ಬಟ್ಟೆಯನ್ನುಟ್ಟು ಬ್ಯಾಂಕಿಗೂ ದೊಡ್ಡ ಅಂಗಡಿಗೂ ಹೋಗಿ, ಅಲ್ಲಿಯವರೊಡನೆ ಮರ್ಯಾದೆಯಿಂದ ಮಾತನಾಡಿ ಬರುವುದೂ ಪಾಠದ ಒಂದು ಭಾಗವಾಗಿತ್ತು. ಕಾವಲುಗಾರನು ಗದರಿಸಿ ಅಟ್ಟದೆ ಬಾಗಿಲು ತೆರೆದುದು ಎಷ್ಟೋ ಹುಡುಗರ ಬಾಳಿನಲ್ಲಿ ಹೊಸ ಅನುಭವ.

ಇಂತಹವರ ಕೈಗೆ 200 ಡಾಲರು ಕೊಟ್ಟರೆ ಮದ್ಯಕ್ಕೂ ಮಾದಕಕ್ಕೂ ಸುರಿದಾರೆಂದು ಬಹುಮಂದಿ ನಕ್ಕಿದ್ದರು. ಹಾಗಾಗಲಿಲ್ಲ. ಬಹುಪಾಲು ಹಣವು ಅನ್ನ ಬಟ್ಟೆಗಳಿಗೂ ಸಣ್ಣ ವ್ಯಾಪಾರಕ್ಕೂ ಹೋಯಿತು. ಆದರೆ ಕಳ್ಳರ ನಡುವೆ ಬಾಳುವವನ ಸರಕು ಕಳ್ಳರ ಪಾಲಾಗುವುದೂ ಸಹಜ. ವ್ಯಾಪಾರದ ಲಾಭವು ಬಹುಕಾಲ ನಿಲ್ಲಲಿಲ್ಲ. ಉದ್ಯಮವು ಊರಿಗೆ ನೆಮ್ಮದಿಯನ್ನು ತರುವುದೆಂದು ಹೇಳುವವರು, ನೆಮ್ಮದಿಯಿಲ್ಲದ ಊರಿನಲ್ಲಿ ಉದ್ಯಮವೂ ನಿಲ್ಲದೆಂಬುದನ್ನು ಮರೆಯುವುದುಂಟು.

ಒಂದು ವರ್ಷದ ಮೇಲೆ ಲೆಕ್ಕ ಹಾಕಿದಾಗ, ಹಣವನ್ನು ಮಾತ್ರ ಪಡೆದವರಲ್ಲಿ ಹಳೆಯ ನಡತೆಯು ಮರಳಿತ್ತು. ಪಾಠವನ್ನು ಮಾತ್ರ ಪಡೆದವರಲ್ಲಿಯೂ ಅದರ ಪ್ರಭಾವವು ಕುಂದುತ್ತ ಬಂದಿತ್ತು. ಎರಡನ್ನೂ ಪಡೆದವರಲ್ಲಿ ಮಾತ್ರ ಕಳವು, ಆಯುಧಧಾರಣೆ, ಮಾದಕದ ಮಾರಾಟ ಇವು ಸುಮಾರು ಅರ್ಧಕ್ಕೆ ಇಳಿದಿದ್ದುವು. ಹತ್ತು ವರ್ಷಗಳ ತರುವಾಯ ಪುನಃ ಹುಡುಕಿಕೊಂಡು ಹೋದರು. ಕೆಲವರು ಅಷ್ಟರಲ್ಲಿ ಸತ್ತಿದ್ದರು. ಸಿಕ್ಕಿದವರು 833 ಮಂದಿ. ಎರಡನ್ನೂ ಪಡೆದವರಲ್ಲಿ ಆ ಇಳಿತವು ಹಾಗೆಯೇ ನಿಂತಿತ್ತು. ಅವರು ಸಿರಿವಂತರಾಗಿರಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಂಗಡಿಯಲ್ಲಿ ಕುಳಿತಾಗ ಅಭ್ಯಾಸವಾದ ನಡತೆಯು ಉಳಿದಿತ್ತು. ಹಣವು ಮಾಡಿದ ಉಪಕಾರವೆಂದರೆ, ಕಳವಿಲ್ಲದೆ ಬಾಳುವುದನ್ನು ಅಭ್ಯಾಸ ಮಾಡಲು ಕೆಲವು ತಿಂಗಳ ಬಿಡುವನ್ನು ದೊರಕಿಸಿಕೊಟ್ಟುದೇ ಎಂದು ತೋರುವುದು. ಪಾಠಕ್ಕೂ ಹಣಕ್ಕೂ ಸೇರಿ ಒಬ್ಬೊಬ್ಬನಿಗೆ ತಗುಲಿದ ವೆಚ್ಚ ಸುಮಾರು 530 ಡಾಲರು.

ಎಲ್ಲ ತರುಣರಿಗೂ ಇದನ್ನೇ ಅನ್ವಯಿಸುವ ಮುನ್ನ ಉಗಾಂಡದ ಅನುಭವವನ್ನು ನೆನೆಯುವುದು ಒಳ್ಳೆಯದು. ಆ ದೇಶದ ಉತ್ತರ ಭಾಗದಲ್ಲಿ ದೀರ್ಘ ಯುದ್ಧವು ತಣ್ಣಗಾದ ಮೇಲೆ, 2008ರಲ್ಲಿ ಸರ್ಕಾರವು ತರುಣ ತರುಣಿಯರ ಗುಂಪುಗಳಿಗೆ ತಲೆಗೆ ಸುಮಾರು 382 ಡಾಲರಿನಂತೆ ಹಣ ಕೊಟ್ಟಿತು. ಕಸುಬನ್ನು ಕಲಿತು ಹತಾರ ಕೊಳ್ಳಿರೆಂದಿತು. ನಾಲ್ಕು ವರ್ಷಗಳಲ್ಲಿ ಅವರ ಸಂಪಾದನೆಯು ಇತರರಿಗಿಂತ ಶೇಕಡಾ 38ರಷ್ಟು ಮೇಲೇರಿತು. ಆದರೂ ಅವರ ಜಗಳಗಂಟಿತನದಲ್ಲಾಗಲಿ ಸಮಾಜದೊಡನೆಯ ನಡವಳಿಕೆಯಲ್ಲಾಗಲಿ ವ್ಯತ್ಯಾಸವೇನೂ ಕಾಣಲಿಲ್ಲ. ಆಶ್ಚರ್ಯಪಡಬೇಕಾದುದಿಲ್ಲ; ಅವರು ಬಹುಪಾಲು ಸಾಧು ಜನರು. ಹಣವು ಅವರನ್ನು ಅನುಕೂಲಸ್ಥರನ್ನಾಗಿ ಮಾಡಿತು. ಊರಿಗೆ ಅಪಾಯವೇ ಆಗಿರದವರಿಂದ ಅಪಾಯವು ಕಡಿಮೆಯಾಗುವುದೆಂತು? ತರುಣರೆಲ್ಲರಿಗೂ ಕಸುಬು ಕಲಿಸಿದರೆ ಕಳವು ತಾನಾಗಿ ಅಳಿಯುವುದೆಂದು ಸಭೆಗಳಲ್ಲಿ ಘೋಷಿಸುವವರು ಈ ಭೇದವನ್ನು ಎಣಿಕೆಗೆ ತಂದುಕೊಳ್ಳುವುದಿಲ್ಲ. ಓದಲು ಬಾರದ, ಅರ್ಜಿಯನ್ನು ಬರೆಯಲು ತಿಳಿಯದ, ಶಿಬಿರದ ಬಾಗಿಲಿಗೂ ಬಾರದ ಹುಡುಗನನ್ನು ಓಣಿಯಿಂದ ಹುಡುಕಿ ತರುವುದೇ ಮೊದಲನೆಯ ಕಷ್ಟ. ಅಂತಹವನನ್ನು ಹುಡುಕಬಲ್ಲವರು ಬೋರನ ಸಂಗಡಿಗರಂತಹವರೇ.

ಇತಿಹಾಸದ ಗತಿಯು ಕೆಲವೊಮ್ಮೆ ಬಂದ ದಾರಿಯಲ್ಲಿಯೇ ಹಿಂದಿರುಗುವುದು. 1822ರಲ್ಲಿ ಹಡಗುಗಳು ಅಮೆರಿಕದಿಂದ ಮೆಸುರಾಡೊಗೆ ಬಂದುವು. 2017ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ, ಗುಂಡೇಟಿಗೆ ಗುರಿಯಾಗುವ ಇಲ್ಲವೆ ಗುಂಡು ಹಾರಿಸುವ ಸಂಭವವಿದ್ದ ಜನರಿಗಾಗಿ ಕಾರ್ಯವೊಂದು ಆರಂಭವಾದಾಗ, ಅದನ್ನು ರೂಪಿಸಿದವರು ಕಣ್ಣೆದುರಿಗೆ ಇಟ್ಟುಕೊಂಡ ಮಾದರಿಗಳಲ್ಲಿ ಮನ್ರೋವಿಯದ್ದೂ ಒಂದು. ಹದಿನೆಂಟು ತಿಂಗಳವರೆಗೆ ಸಂಬಳದ ಕೆಲಸ, ಅದರೊಡನೆ ನಡತೆಯ ಪಾಠ. ಪರೀಕ್ಷೆಗೆ ಒಳಪಟ್ಟವರು 2,456 ಮಂದಿ. ಫಲಿತಾಂಶವು ಮಿಶ್ರವಾಗಿತ್ತು. ಘೋರ ಅಪರಾಧಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ನಿಶ್ಚಿತವಾದ ಇಳಿತವು ಕಾಣಲಿಲ್ಲ. ಆದರೆ ಹೆಸರುಗಳನ್ನು ಸೂಚಿಸುವ ಕ್ರಮಗಳು ಅಲ್ಲಿ ಹಲವಿದ್ದುವು. ಗಣಕಯಂತ್ರವು ಲೆಕ್ಕ ಹಾಕಿ ಆರಿಸಿದವರೂ ಇದ್ದರು, ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರೂ ಇದ್ದರು. ಗುಂಡಿನ ಅಪರಾಧಗಳು ಎದ್ದು ಕಾಣುವಷ್ಟು ಇಳಿದುದು, ಬೀದಿಬೀದಿಗಳಲ್ಲಿ ಓಡಾಡಿ ಹುಡುಗರನ್ನು ಹೆಸರು ಹಿಡಿದು ಬಲ್ಲ ಕಾರ್ಯಕರ್ತರು ತಾವಾಗಿಯೇ ಆರಿಸಿ ಕರೆತಂದವರ ಪಂಗಡದಲ್ಲಿ.